ಸ್ವಿಚ್ ಇಲ್ಲಿ, ಮುಳುಗಡೆ ಅಲ್ಲಿ: ಕರ್ನಾಟಕದ ಕರೆಂಟು ಬಿಟ್ಟ ಹೆಜ್ಜೆಗುರುತು

ಇವತ್ತಿನ ಮಾತನ್ನು ಒಂದು ಸೇತುವೆಯಿಂದ ಶುರು ಮಾಡ್ತೀನಿ.

2025ರ ಜುಲೈ 14ರಂದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಮೇಲೆ ಒಂದು ಸೇತುವೆ ಉದ್ಘಾಟನೆ ಆಯ್ತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಸುಮಾರು 2.4 ಕಿಲೋಮೀಟರ್. ಸಿಗಂದೂರು ಸೇತುವೆ ಅಂತ ರೀಲ್ಸ್‌ನಲ್ಲಿ ನೀವೂ ನೋಡಿರ್ತೀರಿ. ಅಲ್ಲಿಯವರೆಗೆ ಆಚೆ ದಡದ ತುಮರಿ ಭಾಗದ ಜನ ಸಾಗರ ಪೇಟೆಗೆ ಬರಬೇಕಾದರೆ ಹತ್ತಿರದ ದಾರಿ ಅಂದ್ರೆ ಲಾಂಚ್ ಒಂದೇ. ಸಂಜೆಯ ಕೊನೆಯ ಲಾಂಚ್ ತಪ್ಪಿತು ಅಂದ್ರೆ ಆವತ್ತಿನ ಕಥೆ ಮುಗೀತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಲಾಂಚೂ ನಿಲ್ಲುವ ಸ್ಥಿತಿ.

ಆ ನೀರು ಅಲ್ಲಿ ಮೊದಲಿನಿಂದ ಇದ್ದದ್ದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನಿಂತ ನೀರು ಅದು. ಅಣೆಕಟ್ಟು ಕಟ್ಟಿದ್ದು ಕರೆಂಟಿಗಾಗಿ. ಕರೆಂಟು ಬೇಕಾಗಿದ್ದದ್ದು ಇಡೀ ರಾಜ್ಯಕ್ಕೆ. ಅಂದ್ರೆ ನಾಡು ಸ್ವಿಚ್ ಒತ್ತಿದ ಮೇಲೆ ಆ ಜನರಿಗೆ ಒಂದು ಸೇತುವೆ ಸಿಗೋಕೆ ಅರವತ್ತು ವರ್ಷ ಹಿಡೀತು.

ಇವತ್ತು ನಾನು ಮಾತಾಡೋದು ಈ ಲೆಕ್ಕದ ಬಗ್ಗೆ. ಕರೆಂಟು ಬಂದರೆ ಬದುಕು ಸುಧಾರಿಸುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಎಷ್ಟು ಕರೆಂಟಿಗೆ ಎಷ್ಟು ಸುಧಾರಣೆ? ಅದರ ಬೆಲೆ ಯಾವ ನೆಲದ ಮೇಲೆ ಬೀಳುತ್ತೆ?

ಹೆಜ್ಜೆಗುರುತು ಅಂದ್ರೇನು?

1990ರ ದಶಕದ ಶುರುವಿನಲ್ಲಿ ಕೆನಡಾದ ವಿಲಿಯಂ ರೀಸ್ ಮತ್ತು ಅವರ ವಿದ್ಯಾರ್ಥಿ ಮ್ಯಾಥಿಸ್ ವ್ಯಾಕರ್‌ನೇಗಲ್ ಒಂದು ಸರಳವಾದ ಪ್ರಶ್ನೆ ಕೇಳಿದರು. ಒಬ್ಬ ಮನುಷ್ಯ ತಿನ್ನೋದು, ಉಡೋದು, ಕಟ್ಟೋದು, ಉರಿಸೋದು, ಇಷ್ಟನ್ನೂ ಒದಗಿಸೋಕೆ ಎಷ್ಟು ನೆಲ, ಎಷ್ಟು ನೀರು ಬೇಕು? ಉರಿಸಿದ್ದರಿಂದ ಬಂದ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಳ್ಳೋಕೆ ಎಷ್ಟು ಕಾಡು ಬೇಕು? ಎಲ್ಲವನ್ನೂ ಕೂಡಿ ಬಂದ ಮೊತ್ತಕ್ಕೆ ಪರಿಸರ ಹೆಜ್ಜೆಗುರುತು ಅಂತ ಹೆಸರಿಟ್ಟರು. ಅಳತೆ ಗ್ಲೋಬಲ್ ಹೆಕ್ಟೇರ್‌ನಲ್ಲಿ.

ಭೂಮಿಯ ಮೇಲೆ ತಲೆಗೆ ಸಿಗುವ ಪಾಲು ಸುಮಾರು 1.5 ಗ್ಲೋಬಲ್ ಹೆಕ್ಟೇರ್. ಅಮೆರಿಕದ ಒಬ್ಬರು ಸರಾಸರಿ ಏಳಕ್ಕೂ ಹೆಚ್ಚು ಬಳಸ್ತಾರೆ. ಭಾರತದ ಒಬ್ಬರದ್ದು ಒಂದು ಚಿಲ್ಲರೆ. ಇಡೀ ಜಗತ್ತಿನ ಹೆಜ್ಜೆಗುರುತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಾರ್ಬನ್ನಿನದ್ದು. ಅಂದ್ರೆ ಹೆಜ್ಜೆಗುರುತಿನ ಕಥೆ ಬಹುಪಾಲು ಇಂಧನದ ಕಥೆಯೇ.

ಅದೇ ಹೊತ್ತಿಗೆ, 1990ರಲ್ಲಿ, ಇನ್ನೊಂದು ಅಳತೆಗೋಲು ಬಂತು. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದಿಂದ ಮಾನವ ಅಭಿವೃದ್ಧಿ ಸೂಚ್ಯಂಕ ತಂದರು. ಅದಕ್ಕೆ ಜೊತೆಯಾದವರು ಅಮರ್ತ್ಯ ಸೇನ್. ಆಯಸ್ಸು, ಓದು, ಆದಾಯ, ಈ ಮೂರನ್ನು ಸೇರಿಸಿ ಒಂದು ಅಂಕ. ಸೊನ್ನೆಗೆ ಹತ್ತಿರ ಇದ್ದರೆ ಕಷ್ಟ, ಒಂದಕ್ಕೆ ಹತ್ತಿರ ಇದ್ದರೆ ಚೆನ್ನ. 2023ರ ಲೆಕ್ಕದಲ್ಲಿ ಭಾರತದ್ದು 0.685.

ಒಂದು ಅಳತೆಗೋಲು ಬದುಕು ಎಷ್ಟು ಸುಧಾರಿಸಿತು ಅನ್ನುತ್ತೆ. ಇನ್ನೊಂದು ಅದಕ್ಕೆ ಭೂಮಿ ಎಷ್ಟು ತೆತ್ತಿತು ಅನ್ನುತ್ತೆ. ಇವೆರಡನ್ನೂ ಕೈಯಲ್ಲಿ ಹಿಡಿದು ನಮ್ಮ ಕರೆಂಟಿನ ಇತಿಹಾಸ ನೋಡೋಣ, ಬನ್ನಿ.

ಮೊದಲ ಕರೆಂಟು ಹೋಗಿದ್ದು ಮನೆಗಲ್ಲ

1902ರ ಜೂನ್ 30. ಕಾವೇರಿ ಧುಮ್ಮಿಕ್ಕುವ ಶಿವನಸಮುದ್ರದಿಂದ ಹೊರಟ ಕರೆಂಟು ಕೋಲಾರ ಚಿನ್ನದ ಗಣಿಗೆ ಮುಟ್ಟಿತು. ಸುಮಾರು 147 ಕಿಲೋಮೀಟರ್ ಲೈನು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಯೋಜನೆಯ ಬೆನ್ನಿಗೆ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ಲೈನು ಚಾಲೂ ಆಗೋ ಹೊತ್ತಿಗೆ ಅವರು ತೀರಿಹೋಗಿದ್ದರು.

ಅದಕ್ಕೂ ಮುಂಚೆ ಗಣಿಯ ಯಂತ್ರಗಳು ಉಗಿಯಲ್ಲಿ ನಡೀತಿದ್ದವು. ಬಾಯ್ಲರ್‌ಗೆ ಕಲ್ಲಿದ್ದಲು ದೂರದಿಂದ ಬರಬೇಕು, ಸೌದೆಯೂ ಬೇಕು. ನೀರಿನ ಕರೆಂಟು ಇದನ್ನೆಲ್ಲ ತಪ್ಪಿಸಿತು. ಕಾಗದದ ಮೇಲೆ ನೋಡಿದರೆ ಹೆಜ್ಜೆಗುರುತು ಚಿಕ್ಕದಾಯ್ತು, ಅಲ್ವಾ?

ಆದರೆ ಮುಂದೇನಾಯ್ತು ನೋಡಿ. ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಾಳೆ, ಗಣಿಗೆ ವರ್ಷಪೂರ್ತಿ ಒಂದೇ ಸಮ ಕರೆಂಟು ಬೇಕು. ಹಾಗಾಗಿ ನೀರು ಕೂಡಿಡಬೇಕು. 1911ರಲ್ಲಿ ಕನ್ನಂಬಾಡಿ ಕಟ್ಟೆ, ಅಂದ್ರೆ ಇವತ್ತಿನ ಕೆ.ಆರ್.ಎಸ್., ಶುರುವಾದಾಗ ನೀರಾವರಿಯ ಜೊತೆಗೆ ಈ ಕಾರಣವೂ ಇತ್ತು. ಮಂಡ್ಯದ ಗದ್ದೆಗಳು ಹಸಿರಾದವು, ಅದು ನಿಜ. ಕನ್ನಂಬಾಡಿ ಊರು ಎದ್ದು ಬೇರೆಡೆ ಹೋಯ್ತು, ಅದೂ ನಿಜ. ಊರಿನ ವೇಣುಗೋಪಾಲ ಸ್ವಾಮಿ ದೇವಸ್ಥಾನ ನೀರಿನಡಿ ಸೇರಿತು. ಆಮೇಲೆ ನೀರು ತೀರಾ ಇಳಿದ ವರ್ಷ ಅದು ಮೇಲೆ ಕಾಣ್ತಿತ್ತು, ಜನ ಹೋಗಿ ನೋಡಿ ಬರ್ತಿದ್ದರು.

ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟ್ 5ರಂದು, ಗಣಿಗೆ ಕರೆಂಟು ಹೋಗಿ ಮೂರು ವರ್ಷದ ಮೇಲೆ. ಹೈಟೆನ್ಷನ್ ಲೈನು ತಲೆ ಮೇಲೆ ಹಾದುಹೋದ ಹಳ್ಳಿಗಳಲ್ಲಿ ಬಹುಪಾಲಿನವು ಇನ್ನೂ ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು.

ಗಣಿ 2001ರಲ್ಲಿ ಮುಚ್ಚಿತು. ಚಿನ್ನ ಎಲ್ಲೆಲ್ಲಿಗೋ ಹೋಯ್ತು. ಕೆ.ಜಿ.ಎಫ್.ನಲ್ಲಿ ಉಳಿದದ್ದು ಸೈನೈಡ್ ದಿಬ್ಬಗಳು. ಚಿನ್ನ ತೆಗೆದು ಬಿಸಾಡಿದ ಅದಿರಿನ ಪುಡಿ, ಗುಡ್ಡದ ಎತ್ತರಕ್ಕೆ. ಗಾಳಿ ಬೀಸಿದರೆ ಆ ಧೂಳು ಬೀಳೋದು ಅಲ್ಲೇ ಉಳಿದ ಕಾರ್ಮಿಕರ ಮಕ್ಕಳ ಮನೆಗಳ ಮೇಲೆ. ನೂರು ವರ್ಷದ ಕರೆಂಟಿನ ಹೆಜ್ಜೆಗುರುತನ್ನು ಕಣ್ಣಾರೆ ನೋಡಬೇಕು ಅಂದ್ರೆ ಆ ದಿಬ್ಬ ನೋಡಿ.

ನಾಡಿಗೆ ಬೆಳಕು ಕೊಟ್ಟವರು

ಈಗ ಮತ್ತೆ ಶರಾವತಿಗೆ ಬರೋಣ.

ಸ್ವಾತಂತ್ರ್ಯದ ಹೊತ್ತಿಗೆ ಜೋಗದಲ್ಲಿ ವಿದ್ಯುತ್ ಕೇಂದ್ರ ಬಂದಿತ್ತು. 1964ರಲ್ಲಿ ಲಿಂಗನಮಕ್ಕಿ ಮುಗಿದ ಮೇಲೆ ಶರಾವತಿ ಕೇಂದ್ರ ಹಂತ ಹಂತವಾಗಿ ಬೆಳೆದು 1,035 ಮೆಗಾವ್ಯಾಟ್‌ಗೆ ಮುಟ್ಟಿತು. ಅಗ್ಗದ ಕರೆಂಟು ರಾಜ್ಯದ ಕಾರ್ಖಾನೆಗಳಿಗೆ ಹರಿಯಿತು. ನಮ್ಮಲ್ಲಿ ಎಷ್ಟೋ ಜನರ ಅಜ್ಜ, ಅಪ್ಪ ಪೀಣ್ಯದಲ್ಲೋ ಭದ್ರಾವತಿಯಲ್ಲೋ ಕೆಲಸ ಹಿಡಿದು ಮಕ್ಕಳನ್ನು ಓದಿಸಿದ್ದು ಇದರಿಂದಲೇ. ಪಂಪ್‌ಸೆಟ್ ಬಂತು, ಹಿಟ್ಟಿನ ಗಿರಣಿ ಬಂತು, ಆಸ್ಪತ್ರೆಯಲ್ಲಿ ಲಸಿಕೆ ಇಡೋ ಫ್ರಿಜ್ ಬಂತು. ಅಭಿವೃದ್ಧಿ ಸೂಚ್ಯಂಕ ಏರೋದು ಅಂದ್ರೆ ಇದೇ. ಇದನ್ನು ಸಣ್ಣದು ಅಂತ ನಾನು ಹೇಳಲ್ಲ.

ಆದರೆ ನೀರಿನಡಿ ಹೋದ ನೆಲ 300 ಚದರ ಕಿಲೋಮೀಟರ್‌ಗೂ ಹೆಚ್ಚು. ಇವತ್ತಿನ ಬೆಂಗಳೂರು ನಗರದ ಹತ್ತಿರ ಹತ್ತಿರ ಅರ್ಧದಷ್ಟು. ಗದ್ದೆ, ಅಡಿಕೆ ತೋಟ, ಕಾಡು, ಊರು, ಎಲ್ಲ. ಸಾವಿರಾರು ಕುಟುಂಬಗಳು ಲಾರಿಯಲ್ಲಿ ಸಾಮಾನು ಹೇರಿಕೊಂಡು ಬೇರೆ ಬೇರೆ ಕಡೆ ಕಾಡಿನ ಅಂಚಿಗೆ ಹೋದವು. ಕೊಟ್ಟ ಜಾಗದ ಎಷ್ಟೋ ಭಾಗ ದಾಖಲೆಯಲ್ಲಿ ಅರಣ್ಯ ಅಂತಲೇ ಉಳಿಯಿತು. ಹಾಗಾಗಿ ಮೂರನೇ ತಲೆಮಾರು ಇವತ್ತಿಗೂ ಹಕ್ಕುಪತ್ರಕ್ಕೆ ಅಲೀತಿದೆ. 'ನಾಡಿಗೆ ಬೆಳಕು ಕೊಟ್ಟು ನಾವು ಕತ್ತಲಲ್ಲಿ ಉಳಿದೆವು' ಅನ್ನೋದು ಆ ಕಡೆ ಬರೀ ಭಾಷಣದ ಮಾತಲ್ಲ. ಸಾಗರದ ಲೇಖಕ ನಾ. ಡಿಸೋಜ 'ಮುಳುಗಡೆ', 'ದ್ವೀಪ' ಕಾದಂಬರಿ ಬರೆದದ್ದು ಈ ಜನರ ಮೇಲೆ. 'ದ್ವೀಪ' ಆಮೇಲೆ ಗಿರೀಶ್ ಕಾಸರವಳ್ಳಿ ಅವರ ಸಿನಿಮಾ ಆಯ್ತು.

ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ಹೆಜ್ಜೆಗುರುತಿನ ಜಾಗತಿಕ ಲೆಕ್ಕದಲ್ಲಿ ಜಲವಿದ್ಯುತ್ ಒಳ್ಳೆ ಹುಡುಗ. ಕಾರ್ಬನ್ ಕಡಿಮೆ, ಹಾಗಾಗಿ ಅಂಕ ಕಡಿಮೆ. ಆ ಅಂಕವನ್ನು ಕರೆಂಟು ಬಳಸಿದವರ ಹೆಸರಿನಲ್ಲಿ ಬರೀತಾರೆ, ಸರಾಸರಿ ಹಾಕಿ ಎಲ್ಲರಿಗೂ ಸಮನಾಗಿ ಹಂಚ್ತಾರೆ. ಆದರೆ ನೆಲದ ಮೇಲೆ ಅದು ಸಮನಾಗಿ ಹಂಚಿ ಬೀಳಲ್ಲ. ಹೆಜ್ಜೆ ಒಬ್ಬರದು, ಗುರುತು ಬೀಳೋದು ಇನ್ನೊಬ್ಬರ ಅಂಗಳದಲ್ಲಿ.

ಪುರ ಅನ್ನೋ ಹಳ್ಳಿ, ರೆಡ್ಡಿ ಅನ್ನೋ ಮೇಷ್ಟ್ರು

ಕರೆಂಟಿನ ಇತಿಹಾಸ ಅಂದ್ರೆ ಸಾಮಾನ್ಯವಾಗಿ ಅಣೆಕಟ್ಟು, ಟರ್ಬೈನು, ಮೆಗಾವ್ಯಾಟು. ಇದನ್ನು ಅಡುಗೆಮನೆ ಕಡೆಯಿಂದ ನೋಡಿದವರು ಒಬ್ಬರಿದ್ದರು. ಅಮೂಲ್ಯ ಕೆ. ಎನ್. ರೆಡ್ಡಿ. 1930ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು, ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯೋ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್. ಓದಿದ್ದು ವಿದ್ಯುತ್ ರಸಾಯನಶಾಸ್ತ್ರ. 1974ರಲ್ಲಿ ಅವರು ಮತ್ತು ಜೊತೆಗಾರರು ಸೇರಿ 'ಅಸ್ತ್ರ' ಅನ್ನೋ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಶುರು ಮಾಡಿದರು. ಕಡಿಮೆ ಸೌದೆಯಲ್ಲಿ ಉರಿಯೋ, ಹೊಗೆಯನ್ನು ಚಿಮಣಿಯಿಂದ ಹೊರಗೆ ಕಳಿಸೋ ಅಸ್ತ್ರ ಒಲೆ ಬಂದದ್ದು ಇಲ್ಲಿಂದಲೇ.

ಈ ತಂಡ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಹಳ್ಳಿಗೆ ಹೋಯ್ತು. 1977ರಲ್ಲಿ ಅಲ್ಲಿ ಇದ್ದದ್ದು 56 ಮನೆ, 357 ಜನ. ಮನೆ ಮನೆಗೆ ಹೋಗಿ ಲೆಕ್ಕ ಹಾಕಿದರು. ಒಂದು ದಿನಕ್ಕೆ ಎಷ್ಟು ಸೌದೆ, ಎಷ್ಟು ಕೊಡ ನೀರು, ಯಾರು ಎಷ್ಟು ಹೊತ್ತು ದನ ಕಾಯ್ತಾರೆ, ಯಾರು ಎಷ್ಟು ದೂರ ನಡೀತಾರೆ.

ಲೆಕ್ಕ ಏನು ಹೇಳ್ತು ಗೊತ್ತಾ? ಹಳ್ಳಿಯ ಇಂಧನದ ಸಿಂಹಪಾಲು ಅಡುಗೆಗೆ, ಅದೂ ಸೌದೆಯಿಂದ. ಆ ಸೌದೆ, ಆ ನೀರು ಬರೋದು ಹೆಂಗಸರು, ಮಕ್ಕಳ ತಲೆ ಮೇಲೆ. ಇಂಧನ ಅಂದ ತಕ್ಷಣ ದೊಡ್ಡ ದೊಡ್ಡ ಕಚೇರಿಗಳಲ್ಲಿ ಪೆಟ್ರೋಲು, ಕಲ್ಲಿದ್ದಲು, ಕರೆಂಟಿನ ಚರ್ಚೆ ನಡೀತಿತ್ತು. ಈ ಬೆವರು ಯಾವ ಅಂಕಿ-ಅಂಶದಲ್ಲೂ ಇರಲಿಲ್ಲ. ಪುರದ ಜನರ ಹೆಜ್ಜೆಗುರುತು ಜಗತ್ತಿನಲ್ಲೇ ಅತಿ ಚಿಕ್ಕವುಗಳಲ್ಲಿ ಒಂದಾಗಿದ್ದೀತು. ಅದನ್ನು ಆದರ್ಶ ಅಂತ ಹಾಡಿ ಹೊಗಳೋಕೆ ಆಗುತ್ತಾ? ಶಾಲೆ ಬಿಟ್ಟು ಸೌದೆಗೆ ಹೋಗೋ ಹುಡುಗಿಗೆ 'ನಿನ್ನ ಹೆಜ್ಜೆಗುರುತು ಚಿಕ್ಕದು ಕಣಮ್ಮ' ಅಂದ್ರೆ ಅದು ಕ್ರೌರ್ಯ.

ತಂಡ ಅಲ್ಲಿ ಸಗಣಿ ಗ್ಯಾಸಿನ ಸಮುದಾಯ ಘಟಕ ಕಟ್ಟಿತು. ಮೊದಲ ಯೋಚನೆ, ಎಲ್ಲರ ಮನೆಗೂ ಅಡುಗೆ ಗ್ಯಾಸ್. ಅದು ಕೈಗೂಡಲಿಲ್ಲ, ಎಲ್ಲ ಮನೆಯ ಒಲೆ ಉರಿಸುವಷ್ಟು ಸಗಣಿಯೇ ಹುಟ್ಟಲಿಲ್ಲ. ಸೋಲನ್ನು ಮುಚ್ಚಿಡದೆ ಊರಿನವರ ಜೊತೆ ಕೂತು ಮತ್ತೆ ಯೋಚಿಸಿದರು. ಜನಕ್ಕೆ ಮೊದಲು ಬೇಕಾಗಿದ್ದದ್ದು ಕುಡಿಯೋ ನೀರು. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಬೋರ್‌ವೆಲ್ಲಿನಿಂದ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ಗೊಬ್ಬರ ವಾಪಸ್, ಮೇಲೆ ಒಂದಿಷ್ಟು ದುಡ್ಡು. ಎಂಜಿನ್ನಿನ ಶಕ್ತಿ ಬರೀ ಐದು ಕಿಲೋವ್ಯಾಟಿನ ಆಸುಪಾಸು. ಇವತ್ತು ಬೆಂಗಳೂರಿನ ಎರಡು ಮೂರು ಫ್ಲ್ಯಾಟಿನ ಗೀಸರ್ ಒಟ್ಟಿಗೆ ಹಾಕಿದರೆ ಅಷ್ಟಾಗುತ್ತೆ. ಅಲ್ಲಿ ಅದು ಇಡೀ ಊರಿನ ಹೆಂಗಸರ ತಲೆಯಿಂದ ಕೊಡ ಇಳಿಸಿತು.

ರೆಡ್ಡಿಯವರ ಮಾತಿನ ತಿರುಳು ಇಷ್ಟೇ. ಜನಕ್ಕೆ ಬೇಕಾಗಿರೋದು ಕರೆಂಟಲ್ಲ, ಕರೆಂಟು ಮಾಡೋ ಕೆಲಸ. ಬೆಳಕು, ನೀರು, ಬೇಯಿಸಿದ ಅನ್ನ. ಹಾಗಾಗಿ ಎಷ್ಟು ಉತ್ಪಾದನೆ ಅಂತ ಕೇಳೋ ಮುಂಚೆ ಯಾವ ಕೆಲಸಕ್ಕೆ, ಯಾರ ಕೆಲಸಕ್ಕೆ ಅಂತ ಕೇಳಿ. 1985ರಲ್ಲಿ ಅವರು ಬ್ರೆಜಿಲ್, ಸ್ವೀಡನ್, ಅಮೆರಿಕದ ಮೂವರು ವಿಜ್ಞಾನಿಗಳ ಜೊತೆ ಸೇರಿ ಒಂದು ಲೆಕ್ಕ ಮುಂದಿಟ್ಟರು. ಒಳ್ಳೆ ಯಂತ್ರ, ಒಳ್ಳೆ ಒಲೆ, ಒಳ್ಳೆ ಬಲ್ಬು ಬಳಸಿದರೆ ತಲೆಗೆ ಸರಾಸರಿ ಒಂದು ಕಿಲೋವ್ಯಾಟ್ ಸಾಕು, 1970ರ ದಶಕದ ಪಶ್ಚಿಮ ಯುರೋಪಿನ ಮಟ್ಟದ ಬದುಕು ಸಾಧ್ಯ ಅಂತ.

9,400 ಬೇಕಾ, 4,000 ಸಾಕಾ?

ಇದು ಬರೀ ಪುಸ್ತಕದ ಮಾತಾಗಿ ಉಳಿಯಲಿಲ್ಲ. 1980ರ ದಶಕದಲ್ಲಿ ಮಳೆ ಕೈಕೊಟ್ಟು ಕರ್ನಾಟಕ ಪವರ್ ಕಟ್‌ನಲ್ಲಿ ಒದ್ದಾಡ್ತಿತ್ತು. ನೀರಿನ ಮೇಲೆ ಕೂತ ವ್ಯವಸ್ಥೆ ಅದು, ಮಳೆ ಇಲ್ಲ ಅಂದ್ರೆ ದೀಪ ಇಲ್ಲ. 1985ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಶುರುವಾಯ್ತು. ಕಾರ್ಬನ್ ಲೆಕ್ಕ ನಮ್ಮ ರಾಜ್ಯದಲ್ಲಿ ಜೋರಾಗಿ ಓಡೋಕೆ ಶುರುವಾದದ್ದು ಅಲ್ಲಿಂದ. ಹಾರುಬೂದಿಯ ಪಾಲು ಶಕ್ತಿನಗರದ ಸುತ್ತಲಿನವರಿಗೆ.

ಆಗ ಸರ್ಕಾರಿ ಸಮಿತಿಯೊಂದು 2000ನೇ ಇಸವಿಗೆ ರಾಜ್ಯಕ್ಕೆ ಸುಮಾರು 9,400 ಮೆಗಾವ್ಯಾಟ್ ಬೇಕಾಗುತ್ತೆ ಅಂತ ಅಂದಾಜು ಕೊಟ್ಟಿತು. ಹಿಂದಿನ ವರ್ಷಗಳ ಬೆಳವಣಿಗೆಯ ಗೆರೆಯನ್ನು ಹಾಗೇ ಮುಂದಕ್ಕೆ ಎಳೆದ ಲೆಕ್ಕ. ರೆಡ್ಡಿ ತಂಡ ಕೆಳಗಿನಿಂದ ಲೆಕ್ಕ ಹಾಕಿತು. ಎಲ್ಲ ಮನೆಗೂ ದೀಪ ಸೇರಿಸಿತು, ಪಂಪ್‌ಸೆಟ್ ಸೇರಿಸಿತು. ಆದರೆ ಹಳೆ ಬಲ್ಬಿನ ಜಾಗಕ್ಕೆ ಸಿ.ಎಫ್.ಎಲ್., ಗೀಸರ್ ಜಾಗಕ್ಕೆ ಸೋಲಾರ್ ಹೀಟರ್, ಹಳೆ ಪಂಪಿನ ಜಾಗಕ್ಕೆ ಒಳ್ಳೆ ಪಂಪು ಹಾಕಿತು. ಬಂದ ಉತ್ತರ ಸುಮಾರು 4,000. ಅರ್ಧಕ್ಕಿಂತ ಕಡಿಮೆ.

ನಂಗೆ ಈ ಎರಡು ಸಂಖ್ಯೆ ಇತಿಹಾಸದ ಪುಸ್ತಕದ ಯಾವ ಯುದ್ಧಕ್ಕಿಂತಲೂ ಮುಖ್ಯ ಅನ್ಸುತ್ತೆ. ಯಾಕಂದ್ರೆ ಆ 5,400 ಮೆಗಾವ್ಯಾಟಿನ ವ್ಯತ್ಯಾಸದ ಒಳಗೆ ಎಷ್ಟೋ ಅಣೆಕಟ್ಟು, ಎಷ್ಟೋ ಬೂದಿ ಗುಂಡಿ, ಎಷ್ಟೋ ಊರು ಇವೆ.

ಇದಕ್ಕೆ ಜಗತ್ತಿನ ಅಂಕಿಗಳೂ ಸಾಕ್ಷಿ ಹೇಳ್ತವೆ. ಎಲ್ಲ ದೇಶಗಳ ತಲಾ ಇಂಧನವನ್ನು ಒಂದು ಕಡೆ, ಅಭಿವೃದ್ಧಿ ಸೂಚ್ಯಂಕವನ್ನು ಇನ್ನೊಂದು ಕಡೆ ಇಟ್ಟು ಗೆರೆ ಎಳೀರಿ. ಶುರುವಿನಲ್ಲಿ ಗೆರೆ ಚಾಮುಂಡಿ ಬೆಟ್ಟದ ಮೆಟ್ಟಿಲಿನ ಹಾಗೆ ನೆಟ್ಟಗೆ ಏರುತ್ತೆ. ಸ್ವಲ್ಪ ಇಂಧನ ಸಿಕ್ಕರೂ ಆಯಸ್ಸು, ಓದು ಧಡಧಡ ಮೇಲಕ್ಕೆ. ಆಮೇಲೆ ಗೆರೆ ಮಲಗಿಬಿಡುತ್ತೆ. ಇಂಧನ ಎರಡು ಪಟ್ಟಾದರೂ ಬದುಕು ಹೆಚ್ಚೇನೂ ಸುಧಾರಿಸಲ್ಲ, ಹೆಜ್ಜೆಗುರುತು ಮಾತ್ರ ಬೆಳೀತಾ ಹೋಗುತ್ತೆ. ಬಡವರ ಮನೆಗೆ ಭಾಗ್ಯಜ್ಯೋತಿ ಯೋಜನೆ ಕೊಟ್ಟ ಒಂದೇ ಒಂದು ಬಲ್ಬು ಆ ಮನೆಯ ಮಗುವಿನ ಓದನ್ನು ಬದಲಾಯಿಸಿತು. ಫ್ಲ್ಯಾಟಿನ ಮೂರನೇ ಎ.ಸಿ. ಯಾರ ಓದನ್ನೂ ಬದಲಾಯಿಸಲ್ಲ.

ಹಾಗಂತ ರೆಡ್ಡಿ ಹೇಳಿದ್ದೆಲ್ಲ ಹಾಗೇ ನಡೀತು ಅಂತಲ್ಲ. ಒಂಬತ್ತು ವ್ಯಾಟಿನ ಎಲ್.ಇ.ಡಿ. ಅರವತ್ತು ವ್ಯಾಟಿನ ಹಳೆ ಬಲ್ಬಿನಷ್ಟು ಬೆಳಕು ಕೊಡುತ್ತೆ, ಎಲ್ಲರ ಮನೆಗೂ ಬಂತು. ಬೆಂಗಳೂರಿನ ತಾರಸಿಗಳ ಮೇಲೆ ಸೋಲಾರ್ ಹೀಟರ್ ಬಂತು. ಆದರೆ ಒಟ್ಟು ಬಳಕೆ ಇಳಿಯಲಿಲ್ಲ. ಬಲ್ಬು ಉಳಿಸಿದ್ದನ್ನು ಎ.ಸಿ., ಮಾಲು, ಡೇಟಾ ಸೆಂಟರ್, ಬತ್ತಿದ ಬೋರ್‌ವೆಲ್ಲಿನ ದೊಡ್ಡ ಮೋಟಾರು ಸೇರಿ ನುಂಗಿದವು. 2024ರ ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17,000 ಮೆಗಾವ್ಯಾಟ್ ದಾಟಿತು. ಒಳ್ಳೆ ಯಂತ್ರ ಬಂದರೆ ಸಾಲದು, ಸಾಕು ಅನ್ನೋದು ಎಲ್ಲಿ ಅಂತಲೂ ಯಾರಾದರೂ ಹೇಳಬೇಕಾಗುತ್ತೆ.

ಮತ್ತೆ ಅದೇ ಕಣಿವೆ

ಸೋಲಾರ್ ಬಂದರೆ ಈ ತಲೆನೋವು ಮುಗೀತು ಅಂತ ನಾವು ಅಂದ್ಕೋತೀವಿ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ, ಸುಮಾರು 13,000 ಎಕರೆ. ಇಲ್ಲಿ ಒಂದು ಒಳ್ಳೆ ಕೆಲಸ ಆಯ್ತು. ಸರ್ಕಾರ ಭೂಮಿ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೀತು. ರೈತರಿಗೆ ವರ್ಷ ವರ್ಷ ಎಕರೆಗೆ ಬಾಡಿಗೆ ಬರುತ್ತೆ. ಲಿಂಗನಮಕ್ಕಿಯಿಂದ ಇಲ್ಲಿಗೆ ನಾವು ಏನೋ ಕಲಿತಿದ್ದೀವಿ. ಆದರೆ ಭೂಮಿ ಇದ್ದವರಿಗೆ ಬಾಡಿಗೆ ಬಂತು. ಆ ಹೊಲದಲ್ಲಿ ಕೂಲಿ ಮಾಡ್ತಿದ್ದವರಿಗೆ, ಅಲ್ಲಿ ಕುರಿ ಮೇಯಿಸ್ತಿದ್ದವರಿಗೆ ಬಾಡಿಗೆ ಪತ್ರ ಇಲ್ಲ.

ಇನ್ನು ಸೂರ್ಯ ಮುಳುಗಿದ ಮೇಲೆ? ಹಗಲಿನ ಕರೆಂಟನ್ನು ರಾತ್ರಿಗೆ ಎತ್ತಿಡಬೇಕು. ಅದಕ್ಕೆ ಈಗ ಮುಂದಿಟ್ಟಿರೋ ಯೋಜನೆ ಪಂಪ್ಡ್ ಸ್ಟೋರೇಜ್. ಹಗಲು ಕೆಳಗಿನ ಜಲಾಶಯದಿಂದ ನೀರನ್ನು ಮೇಲಕ್ಕೆ ಪಂಪ್ ಮಾಡೋದು, ಸಂಜೆ ಕೆಳಗೆ ಬಿಟ್ಟು ಕರೆಂಟು ತೆಗೆಯೋದು. 2,000 ಮೆಗಾವ್ಯಾಟ್. ಎಲ್ಲಿ ಗೊತ್ತಾ? ಶರಾವತಿ ಕಣಿವೆಯಲ್ಲಿ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕಗಳ ಕಾಡಿನಲ್ಲಿ. ಆ ಭಾಗದ ಜನ, ಪರಿಸರದವರು ವಿರೋಧಿಸ್ತಾ ಇದ್ದಾರೆ. ಸರ್ಕಾರ ಇದು ಬೇಕೇ ಬೇಕು ಅನ್ನುತ್ತೆ.

ಕರೆಂಟು ಕೂಡಿಡೋದು ಬೇಕಾಗಿದೆ, ಅದನ್ನು ನಾನು ಒಪ್ತೀನಿ. ಕಲ್ಲಿದ್ದಲು ಬಿಡಬೇಕು ಅಂದ್ರೆ ಎಲ್ಲೋ ಒಂದು ಕಡೆ ಏನೋ ಕಟ್ಟಲೇಬೇಕು. ಆದರೆ ನೂರಿಪ್ಪತ್ತು ವರ್ಷದ ಈ ಕಥೆ ನೋಡಿದ ಮೇಲೆ, ಎಷ್ಟು ಮೆಗಾವ್ಯಾಟ್ ಅನ್ನೋ ಪ್ರಶ್ನೆಯನ್ನು ಮೊದಲು ಕೇಳೋಕೆ ನಂಗೆ ಮನಸ್ಸು ಬರಲ್ಲ. ಯಾವ ಕೆಲಸಕ್ಕೆ? ಅದೇ ಕೆಲಸ ಇದಕ್ಕಿಂತ ಕಡಿಮೆಯಲ್ಲಿ ಆಗಲ್ವಾ? ಗುರುತು ಯಾರ ಅಂಗಳದಲ್ಲಿ ಬೀಳುತ್ತೆ, ಅವರನ್ನು ಕೇಳಿದ್ರಾ?

ಇದನ್ನು ಕೇಳ್ತಿರೋ ನಿಮ್ಮ ಫೋನ್ ಬಗ್ಗೆ ಪಾಪಪ್ರಜ್ಞೆ ಬೇಡ. ವರ್ಷಪೂರ್ತಿ ದಿನಾ ಫುಲ್ ಚಾರ್ಜ್ ಮಾಡಿದರೂ ಅದು ತಿನ್ನೋದು ಆರೇಳು ಯೂನಿಟ್. ಎರಡು ಕಿಲೋವ್ಯಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆಯ ಹಾಗೆ ಒಂದು ವಾರದಲ್ಲಿ ಅಷ್ಟು ತಿಂದು ಮುಗಿಸುತ್ತೆ. ಒಂದು ಸಲ ಮನೆಯ ಕರೆಂಟ್ ಬಿಲ್ ತೆಗೆದು ನೋಡಿ. 2023ರಿಂದ ಗೃಹಜ್ಯೋತಿ ಇದೆ, ಎಷ್ಟೋ ಮನೆಗೆ ಬಿಲ್ ಸೊನ್ನೆ ಬರುತ್ತೆ. ಆದರೂ ಯೂನಿಟ್ ಎಷ್ಟು ಅಂತ ಅದರಲ್ಲಿ ಬರೆದಿರುತ್ತೆ. ಆ ಯೂನಿಟ್‌ಗಳಲ್ಲಿ ಬೆಳಕಿಗೆ ಎಷ್ಟು, ನೀರಿಗೆ ಎಷ್ಟು, ಸುಮ್ಮನೆ ಎಷ್ಟು ಅಂತ ಮನೆಯವರ ಜೊತೆ ಕೂತು ಒಂದು ಲೆಕ್ಕ ಹಾಕಿ. ಪುರದಲ್ಲಿ ರೆಡ್ಡಿ ಮೇಷ್ಟ್ರ ತಂಡ ಮಾಡಿದ್ದೂ ಅದನ್ನೇ.

ಆಮೇಲೆ ಯಾವಾಗಲಾದರೂ ಸಿಗಂದೂರಿಗೆ ಹೋದರೆ, ಸೇತುವೆ ಮೇಲೆ ಸೆಲ್ಫಿ ತೆಗೆದುಕೊಳ್ಳಿ, ಬೇಡ ಅನ್ನಲ್ಲ. ಹಾಗೇ ಒಂದು ನಿಮಿಷ ಕೆಳಗಿನ ನೀರು ನೋಡಿ. ಅಲ್ಲಿ ಗದ್ದೆ ಇತ್ತು.